ಸೋಮವಾರದ ಪಾಸು, ಶುಕ್ರವಾರದ ಪ್ರಯಾಣ

ಪ್ಯಾರಿಸ್ಸಿನಲ್ಲಿ ನಾನು ಕಲಿತ ಮೊದಲ ಫ್ರೆಂಚ್ ಪದ ‘ಲಂದಿ’, ಅಂದರೆ ಸೋಮವಾರ. ಆ ಪಾಠಕ್ಕೆ ತೆತ್ತ ಫೀಸು 23 ಯೂರೋ 60 ಸೆಂಟ್.

2025ರ ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಶಾರ್ಲ್ ದ ಗೋಲ್ ವಿಮಾನ ನಿಲ್ದಾಣದಲ್ಲಿ ಇಳಿದೆ. ವಾಪಸ್ ವಿಮಾನ ಸೋಮವಾರ ಮಧ್ಯಾಹ್ನ. ‘ನಾವಿಗೊ ವಾರದ ಪಾಸ್ ತಗೊಂಡ್‌ಬಿಡು, ಏರ್‌ಪೋರ್ಟ್ ರೈಲಿಗೂ ನಡೆಯುತ್ತೆ, ತಲೆನೋವೇ ಇರಲ್ಲ’ ಅಂತ ಗೆಳೆಯ ಹೇಳಿ ಕಳಿಸಿದ್ದ. ನಾವಿಗೊ ಅಂದರೆ ಪ್ಯಾರಿಸ್ಸಿನ ಮೆಟ್ರೊ, ಬಸ್ಸು, ರೈಲಿನಲ್ಲಿ ನಡೆಯುವ ಕಾರ್ಡು. ಕೌಂಟರಿಗೆ ಹೋಗಿ ಕಾರ್ಡಿಗೆ 5 ಯೂರೋ, ವಾರದ ಪಾಸಿಗೆ 31.60 ಕೊಟ್ಟೆ. ಒಳಗಿದ್ದವರು ಏನೋ ಕೇಳಿದರು. ಅದರಲ್ಲಿ ‘ಲಂದಿ’ ಅನ್ನೋ ಸದ್ದು ಎರಡು ಸಲ ಕಿವಿಗೆ ಬಿತ್ತು. ರಾತ್ರಿಯಿಡೀ ನಿದ್ದೆಯಿಲ್ಲದ ತಲೆ, ‘ಹೂಂ’ ಅಂತ ಆಡಿಸಿಬಿಟ್ಟೆ. ಪಾಸ್‌ಪೋರ್ಟ್ ಫೋಟೋ ಕತ್ತರಿಸಿ ಕಾರ್ಡಿಗೆ ಅಂಟಿಸಿ, ಹೆಸರು ಬರೆದು, ಜಂಬದಿಂದ ಗೇಟಿಗೆ ತೋರಿಸಿದರೆ ಕೆಂಪು ದೀಪ. ಮತ್ತೊಮ್ಮೆ ತೋರಿಸಿದೆ, ಮತ್ತೆ ಕೆಂಪು. ಹಿಂದೆ ಸೂಟ್‌ಕೇಸುಗಳ ಸಾಲು ಬೆಳೆಯುತ್ತಿತ್ತು.

ವಿಷಯ ಇಷ್ಟೇ. ಅಲ್ಲಿ ವಾರದ ಪಾಸು ಅಂದರೆ ಕೊಂಡ ದಿನದಿಂದ ಏಳು ದಿನವಲ್ಲ. ಸೋಮವಾರ ಶುರು, ಭಾನುವಾರ ಮುಗಿತು. ನಡೆಯುತ್ತಿರುವ ವಾರದ ಪಾಸನ್ನು ಗುರುವಾರದವರೆಗೆ ಮಾರುತ್ತಾರೆ, ಶುಕ್ರವಾರದಿಂದ ಕೊಡುವುದು ಮುಂದಿನ ವಾರದ್ದು. ನನ್ನ ಕೈಲಿದ್ದದ್ದು ನಾನು ಊರು ಬಿಡುವ ದಿನ ಜೀವ ಬರುವ ಪಾಸು! ಕೌಂಟರಿನವರು ಪಾಪ, ‘ಸೋಮವಾರದಿಂದ ತಾನೇ?’ ಅಂತ ಸರಿಯಾಗಿಯೇ ಕೇಳಿದ್ದರು.

ಮತ್ತೆ ಸಾಲಲ್ಲಿ ನಿಂತು ಬಿಡಿ ಟಿಕೆಟ್ ತುಂಬಿಸುವ 2 ಯೂರೋದ ನಾವಿಗೊ ಈಜಿ ಕಾರ್ಡ್, ಅದರ ಮೇಲೆ 13 ಯೂರೋದ ಏರ್‌ಪೋರ್ಟ್ ಟಿಕೆಟ್ ಹಾಕಿಸಿದೆ. ಶುಕ್ರವಾರದಿಂದ ಭಾನುವಾರದವರೆಗೆ ಓಡಾಡಿದ್ದು ಒಂಬತ್ತು ಸಲ, ತಲಾ 2.50. ಸೋಮವಾರ ಏರ್‌ಪೋರ್ಟಿಗೆ ಹೋಗುವಾಗ ಮಾತ್ರ ಆ ವಾರದ ಪಾಸು ಹಸಿರು ದೀಪ ತೋರಿಸಿತು. ಒಟ್ಟು ಖರ್ಚು 74.10. ಎಲ್ಲ ಬಿಡಿ ಟಿಕೆಟ್ಟಲ್ಲೇ ಮುಗಿಸಿದ್ದರೆ 50.50.

ಈ ಉರಿ ಆರದೆ ಇದ್ದದ್ದಕ್ಕೇ ಅಕ್ಟೋಬರಿನಲ್ಲಿ ಹೆಂಡತಿ ಮತ್ತು ಅಮ್ಮನ ಜೊತೆ ಮತ್ತೆ ಹೋಗುವಾಗ ಒಂದು ಸಂಜೆ ಪೆನ್ಸಿಲ್ ಹಿಡಿದು ಕೂತೆ. ‘ಏನ್ರೀ, ಊರು ನೋಡೋಕೆ ಹೋಗ್ತಿದೀವೋ ಆಡಿಟ್‌ಗೋ?’ ಅಂದಳು ಹೆಂಡತಿ.

ಈ ಸಲ ಬರುವುದು ಮಂಗಳವಾರ, ಲಂಡನ್ನಿನಿಂದ ರೈಲಿನಲ್ಲಿ, ಇಳಿಯುವುದು ಊರೊಳಗಿನ ಗಾರ್ ದ್ಯು ನೋರ್ ಸ್ಟೇಷನ್ನಿನಲ್ಲಿ. ಹೊರಡುವುದು ಶನಿವಾರ, ವಿಮಾನದಲ್ಲಿ. ಲೆಕ್ಕದ ಅರ್ಧ ಇಲ್ಲೇ ತೀರ್ಮಾನವಾಗುತ್ತದೆ. ಬರುವುದೂ ಹೋಗುವುದೂ ವಿಮಾನದಲ್ಲೇ ಆಗಿದ್ದರೆ ಏರ್‌ಪೋರ್ಟ್ ಟಿಕೆಟ್ಟುಗಳೇ 26 ಯೂರೋ ಆಗುತ್ತಿದ್ದವು. ಅದಕ್ಕೆ 5.60 ಸೇರಿಸಿದರೆ ವಾರದ ಪಾಸೇ ಬರುತ್ತದೆ, ಪೆನ್ಸಿಲ್ಲಿಗೆ ಕೆಲಸವೇ ಇಲ್ಲ. ನಮಗೆ ಏರ್‌ಪೋರ್ಟ್ ಒಂದೇ ಸಲ. ಪಾಸಿನ ದಾರಿಯಲ್ಲಿ ಕಾರ್ಡ್ ಸೇರಿ 36.60, ಬಿಡಿ ಟಿಕೆಟ್ಟಿನ ದಾರಿಯಲ್ಲಿ ಕಾರ್ಡ್ ಮತ್ತು ಏರ್‌ಪೋರ್ಟ್ ಸೇರಿ 15. ನಡುವಿನ ಅಂತರ 21.60. ಮೆಟ್ರೊ ಟಿಕೆಟ್ 2.50 ಅಂದರೆ ಒಂಬತ್ತನೇ ಪ್ರಯಾಣಕ್ಕೆ ಪಾಸು ಗೆಲ್ಲುತ್ತದೆ. (ಇಲ್ಲಿ ಹೇಳಿರುವ ದರಗಳೆಲ್ಲ 2025ರವು. ಹೋಗುವ ಮುಂಚೆ ಹೊಸ ದರ ನೋಡಿಕೊಂಡು ಇದೇ ಕಳೆಯುವ ಲೆಕ್ಕ ಮಾಡಿ.)

ಹಾಗಾದರೆ ಪ್ರಯಾಣ ಎಷ್ಟು? ಎಲ್ಲರೂ ಎಡವುವುದು ಇಲ್ಲೇ. ನೋಡಬೇಕಾದ ಜಾಗಗಳ ಪಟ್ಟಿ ಮಾಡಿ ಜಾಗಕ್ಕೊಂದು ಟಿಕೆಟ್ ಅಂತ ಗುಣಿಸಿಬಿಡುತ್ತಾರೆ, ನಾನೂ ಮೊದಲು ಹಾಗೇ ಮಾಡಿದ್ದೆ, ಇಪ್ಪತ್ತೆರಡು ಬಂದಿತ್ತು. ಆಮೇಲೆ ಮ್ಯಾಪ್ ಬಿಚ್ಚಿ ನೋಡಿದರೆ ಲೂವ್ರ್, ಟ್ವಿಲರಿ ತೋಟ, ಸೇನ್ ನದಿ ದಂಡೆ, ನೋತ್ರ್ ದಾಮ್ ಎಲ್ಲ ಒಂದೇ ನಡಿಗೆಯ ಸಾಲು. ಅಲ್ಲಿ ಮೆಟ್ರೊ ಹತ್ತಿದರೆ ನೆಲದಡಿಯ ಮೆಟ್ಟಿಲಲ್ಲೇ ಅರ್ಧ ಹೊತ್ತು ಹೋಗುತ್ತದೆ. ಒಂದೊಂದಾಗಿ ಗೆರೆ ಹೊಡೆಯುತ್ತ ಬಂದೆ. ಇನ್ನೊಂದು ಮಾತು: ಎಣಿಸಬೇಕಾದ್ದು ಟಿಕೆಟ್ಟನ್ನು, ರೈಲನ್ನಲ್ಲ. ಮೆಟ್ರೊ ಹತ್ತಿ, ಇಳಿದು, ಆರ್‌ಇಆರ್ ಸಿ ಅನ್ನೋ ಉಪನಗರ ರೈಲು ಹಿಡಿದು ವರ್ಸಾಯ್ ಅರಮನೆಗೆ ಹೋದರೂ ಎರಡು ಗಂಟೆಯೊಳಗೆ ಅದು ಒಂದೇ 2.50. 2025ರ ಜನವರಿ 1ಕ್ಕೆ ದರ ಬದಲಾಗುವ ಮುಂಚೆ ದೂರ ಹೆಚ್ಚಿದಂತೆ ದರವೂ ಹೆಚ್ಚುತ್ತಿತ್ತು. ಈಗ ವಿಮಾನ ನಿಲ್ದಾಣ ಬಿಟ್ಟರೆ ಎಲ್ಲಿಗಾದರೂ ಒಂದೇ ದರ. ಹಳೆಯ ಸಲಹೆಗಳನ್ನು ನಂಬಿದರೆ ಮೋಸ ಹೋಗುವುದು ಖಂಡಿತ. ಹತ್ತು ಟಿಕೆಟ್ಟಿನ ಕಟ್ಟು ತಗೊಳ್ಳಿ ಅಂತ ಈಗಲೂ ಹೇಳುವವರಿದ್ದಾರೆ, ಆ ಕಟ್ಟು ಈಗ ಇಲ್ಲ.

ಗೆರೆ ಹೊಡೆದ ಮೇಲೆ ನನಗೂ ಹೆಂಡತಿಗೂ ಉಳಿದದ್ದು ಹದಿನೈದು. ಪಾಸೇ ಸರಿ. ಅವಳು ಪಾಸನ್ನು ಫೋನಿಗೇ ಹಾಕಿಸಿಕೊಂಡು ಕಾರ್ಡಿನ 5 ಯೂರೋವನ್ನೂ ಉಳಿಸಿದಳು. ನನ್ನ ಫೋನು ಸಂಜೆ ನಾಲ್ಕಕ್ಕೇ ಪ್ರಾಣ ಬಿಡುವ ಜಾತಿ, ನಾನು ಹಳೇ ಕಾರ್ಡಿನ ಮೇಲೇ ನಂಬಿಕೆ ಇಟ್ಟೆ. ಫೋಟೋ ಅಂಟಿಸಿದ ಕಾರ್ಡ್ ಮೇ ತಿಂಗಳದ್ದೇ ಇತ್ತಲ್ಲ.

ದಿನದ ಪಾಸನ್ನೂ ನೋಡಿದೆ, 12 ಯೂರೋ. ಐದು ಸಲ ಹತ್ತಿದರೆ ಮಾತ್ರ ಲಾಭ, ಏರ್‌ಪೋರ್ಟಿಗೆ ನಡೆಯುವುದಿಲ್ಲ, ಮೇಲಾಗಿ ಅದು 24 ಗಂಟೆಯದ್ದಲ್ಲ, ನಡುರಾತ್ರಿಗೆ ಮುಗಿಯುತ್ತದೆ. ಮಧ್ಯಾಹ್ನ ಇಳಿದವರು ಅದನ್ನು ಕೊಂಡರೆ ಅರ್ಧ ದಿನವನ್ನು ಅಂಗಡಿಯಲ್ಲೇ ಬಿಟ್ಟುಬಂದಂತೆ. ಪ್ರವಾಸಿಗರಿಗೆಂದೇ ಇರುವ ಪ್ಯಾರಿಸ್ ವಿಜಿತ್ ಪಾಸು ಇನ್ನೂ ದುಬಾರಿ. ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಕಷ್ಟವಾದದ್ದು ಅಮ್ಮನ ಲೆಕ್ಕ. ಅವರಿಗೆ ಮಂಡಿ ನೋವು. ಪ್ಯಾರಿಸ್ ಮೆಟ್ರೊ ಹಳೆಯದು, ಹೆಚ್ಚಿನ ಸ್ಟೇಷನ್ನುಗಳಲ್ಲಿ ಲಿಫ್ಟ್ ಇಲ್ಲ, 14ನೇ ಲೈನು ಬಿಟ್ಟರೆ ಬಹುಪಾಲು ಮೆಟ್ಟಿಲೇ ಗತಿ. ‘ನಂಗೂ ಪಾಸೇ ಮಾಡ್ಸು, ಮೂರೂ ಜನಕ್ಕೆ ಒಂದೇ ಥರ ಇರ್ಲಿ’ ಅಂದರು. ನನಗೆ ಬೇರೆ ಭಯ. ಪಾಸು ಕೈಲಿದ್ದರೆ ನಮ್ಮಮ್ಮ ಸುಮ್ಮನೆ ಕೂರುವವರಲ್ಲ. ‘ದುಡ್ಡು ಕೊಟ್ಟಾಗಿದೆಯಲ್ಲಪ್ಪ’ ಅಂತ ನೋಯುವ ಮಂಡಿಯಲ್ಲೇ ಹೊರಟುಬಿಡುತ್ತಾರೆ. ಬಿಡಿ ಟಿಕೆಟ್ಟಾದರೆ ರೂಮಿನಲ್ಲಿ ಕೂತ ಪ್ರತಿ ಮಧ್ಯಾಹ್ನವೂ ಅವರಿಗೆ ಉಳಿತಾಯ. ಎಂಟು ಪ್ರಯಾಣದ ಮೇಲೆ ಹೋಗಲಾರರು ಅಂತ ಅಂದಾಜು ಹಾಕಿ ಅವರಿಗೆ 2 ಯೂರೋದ ಬೇರೆ ಕಾರ್ಡ್ ಕೊಡಿಸಿದೆ. ಒಂದೇ ಕಾರ್ಡನ್ನು ಇಬ್ಬರು ಒಟ್ಟಿಗೆ ಬಳಸುವ ಹಾಗಿಲ್ಲ, ತಲೆಗೊಂದು ಬೇಕೇ ಬೇಕು.

ಗುರುವಾರ ನಾನು ಮತ್ತೆ ಎಡವಿದೆ. ಮೆಟ್ರೊದಿಂದ ಮೇಲೆ ಬರುವಷ್ಟರಲ್ಲಿ ಅಮ್ಮ ಕಂಬಿ ಹಿಡಿದು ಎರಡು ಕಡೆ ನಿಂತರು. ‘ಇನ್ನು ಬಸ್ಸಲ್ಲಿ ಹೋಗೋಣಮ್ಮ, ಟಿಕೆಟ್ಟಿಗೆ ಎರಡು ಗಂಟೆ ಟೈಮಿದೆ’ ಅಂತ ಧೈರ್ಯವಾಗಿ ಬಸ್ ಹತ್ತಿಸಿದೆ. ನನ್ನ ಪಾಸಿಗೆ ಹಸಿರು, ಅಮ್ಮನ ಕಾರ್ಡಿಗೆ ಕೆಂಪು! ಬಿಡಿ ಟಿಕೆಟ್ಟಿನವರಿಗೆ ಮೆಟ್ರೊ ಒಂದು ಲೋಕ, ಬಸ್ಸು ಇನ್ನೊಂದು. ಮೆಟ್ರೊ ಟಿಕೆಟ್ ಬಸ್ಸಿಗೆ ನಡೆಯುವುದಿಲ್ಲ. ಬಸ್ಸು ಮತ್ತು ಟ್ರಾಮಿಗೆ 2 ಯೂರೋದ ಬೇರೆ ಟಿಕೆಟ್, ಅದಕ್ಕೆ ತೊಂಬತ್ತು ನಿಮಿಷ. ಡ್ರೈವರ್ ಹತ್ತಿರ 2.50 ಕೊಟ್ಟು ಕಾಗದದ ಟಿಕೆಟ್ ತಗೊಂಡೆ. ಅದರಲ್ಲಿ ಬಸ್ ಬದಲಾಯಿಸುವ ಹಾಗೂ ಇಲ್ಲ. ‘ಅಷ್ಟೆಲ್ಲ ಲೆಕ್ಕ ಹಾಕಿದ್ಯಲ್ಲೋ’ ಅಂತ ಮಾತ್ರ ಅಂದರು ಅಮ್ಮ.

ಆದರೆ ಆ ಬಸ್ಸೇ ಅವರಿಗೆ ಹಿಡಿಸಿತು. ಕಿಟಕಿ ಪಕ್ಕ ಕೂತು ನದಿ, ಸೇತುವೆ, ಅಂಗಡಿ ನೋಡುತ್ತ ಬರುವುದು ಸುರಂಗದಲ್ಲಿ ನಿಲ್ಲುವುದಕ್ಕಿಂತ ಎಷ್ಟೋ ಮೇಲು. ಇಳಿದ ಕೂಡಲೇ ಅವರ ಕಾರ್ಡಿಗೆ ನಾಲ್ಕು ಬಸ್ ಟಿಕೆಟ್ ಹಾಕಿಸಿದೆ. ಶುಕ್ರವಾರ ಐಫೆಲ್ ಗೋಪುರದ ಹತ್ತಿರ 69ನೇ ನಂಬರ್ ಬಸ್ ಹತ್ತಿ ಲೂವ್ರ್ ಮುಂದೆಯೇ ಹಾದು ಊರಿನ ಪೂರ್ವದ ಕೊನೆಯವರೆಗೂ ಹೋದೆವು. ಎರಡು ಯೂರೋಗೆ ಅದಕ್ಕಿಂತ ಒಳ್ಳೆ ಸೀಟು ಆ ಊರಲ್ಲಿ ಇದ್ದಂತಿಲ್ಲ. ಆ ದಿನ ಮಧ್ಯಾಹ್ನ ನಾವಿಬ್ಬರೂ ಪಾಸು ಹಿಡಿದು ಮೋಂಮಾರ್ತ್ರ್ ಗುಡ್ಡಕ್ಕೆ ಓಡಿದರೆ ಅಮ್ಮ ರೂಮಿನಲ್ಲಿ ಕಾಲು ಚಾಚಿ ಮಲಗಿದ್ದರು, ಒಂದು ಚೂರೂ ಅಳುಕಿಲ್ಲದೆ.

ಶನಿವಾರ ಏರ್‌ಪೋರ್ಟ್ ರೈಲಿನಲ್ಲಿ ಚೀಟಿ ತೆಗೆದು ಕೂಡಿದೆ. ನನಗೆ ಪಾಸಿನಿಂದ ಉಳಿದದ್ದು 15.90, ಕಾರ್ಡ್ ಮೊದಲೇ ಇದ್ದದ್ದರಿಂದ ಅದರ 5 ಯೂರೋ ಬೇರೆ. ಅಮ್ಮನದು: ಕಾರ್ಡ್ 2, ಮೆಟ್ರೊ ನಾಲ್ಕು ಸಲ 10, ಡ್ರೈವರಿಗೆ ಕೊಟ್ಟ 2.50, ಬಸ್ ಟಿಕೆಟ್ 8, ಏರ್‌ಪೋರ್ಟ್ 13. ಒಟ್ಟು 35.50.

‘ನಂದೆಷ್ಟು ಉಳೀತು?’ ಅಂದರು ಅಮ್ಮ.

‘ಒಂದು ಯೂರೋ ಹತ್ತು ಸೆಂಟ್.’

‘ಕಾರ್ಡಲ್ಲಿ ಇನ್ನೂ ಒಂದು ಬಸ್ ಟಿಕೆಟ್ ಇದೆ ಕಣೋ, ಅದನ್ನ ಸೇರಿಸ್ದೆ ತಾನೇ?’