ಹಳೆಯ ಅಂಬಾಸಿಡರ್‌ಗೆ ಟ್ಯಾಪೆಟ್ ಮತ್ತು ಟೈಮಿಂಗ್

ಬಳ್ಳಾರಿಯ ಬೇಸಿಗೆಯಲ್ಲಿ ಬಾನೆಟ್ ಬೇಗ ಕಾಯುವುದರಿಂದ, ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್ನಿನ ಮೇಲೆ ನಸುಕಿನಲ್ಲೇ ಕೆಲಸ ಆರಂಭಿಸಿ, ವಾಲ್ವುಗಳ ಮೇಲಿನ ಮುಚ್ಚಳವಾದ ರಾಕರ್ ಕವರಿನ ಮೇಲಿನ ಕೆಂಪು ಧೂಳನ್ನು ಒರೆಸಿದ ನಂತರವೇ ಆ ಕವರನ್ನು ತೆಗೆಯಬೇಕು. 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಎಂಟು ವಾಲ್ವುಗಳ ಟ್ಯಾಪೆಟ್, ಅಂದರೆ ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಅಂತರ, ಹೊಂದಿಸಲು ಒಂಬತ್ತರ ಲೆಕ್ಕ (ಎರಡು ವಾಲ್ವುಗಳ ಸಂಖ್ಯೆ ಕೂಡಿದರೆ ಒಂಬತ್ತು) ಸಾಕು: ಎಂಟನೆಯದು ಪೂರ್ತಿ ತೆರೆದಿರುವಾಗ ಒಂದನೆಯದನ್ನು, ಆರನೆಯದು ತೆರೆದಿರುವಾಗ ಮೂರನೆಯದನ್ನು ಸರಿಪಡಿಸಬೇಕು. ಕೈಪಿಡಿ ಹೇಳುವ ದಪ್ಪದ ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಆ ಅಂತರದಲ್ಲಿ ತುಸು ಹಿಡಿದಂತೆ ಜಾರಬೇಕು. ಲಾಕ್ ನಟ್ ಬಿಗಿಯುವಾಗ ಅಂತರ ಹೊಂದಿಸುವ ಸ್ಕ್ರೂ ತಿರುಗಬಹುದಾದ್ದರಿಂದ ಮತ್ತೊಮ್ಮೆ ಅಳೆಯಿರಿ. ಶಬ್ದ ಅಡಗಲೆಂದು ಅಂತರ ಕಡಿಮೆ ಮಾಡುವ ಚಾಳಿ ನನಗೆ ಒಪ್ಪಿಗೆಯಿಲ್ಲ, ಅದರಿಂದ ವಾಲ್ವ್ ಸುಡುತ್ತದೆ.

ಟೈಮಿಂಗ್ ಎಂದರೆ ಕಿಡಿ ಹಾರುವ ಹೊತ್ತು. ಅದಕ್ಕೆ, ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುತ್ತ ಕಿಡಿ ಹೊಮ್ಮಿಸುವ ಪಾಯಿಂಟ್‌ಗಳ ಗ್ಯಾಪನ್ನು 0.38 ಮಿ.ಮೀ.ಗೆ ಇಟ್ಟ ಬಳಿಕ, ಒಂದನೆಯ ಸಿಲಿಂಡರ್ ಕಂಪ್ರೆಷನ್ನಿನಲ್ಲಿರುವಾಗ ಪುಲ್ಲಿಯ ಗುರುತನ್ನು ಕೈಪಿಡಿಯ ಡಿಗ್ರಿಗೆ ತಂದು, ಇಗ್ನಿಷನ್ ಹಾಕಿ, ಪಾಯಿಂಟಿಗೆ ಜೋಡಿಸಿದ 12 ವೋಲ್ಟ್ ಬಲ್ಬು ಹೊತ್ತುವ ಹಂತದಲ್ಲೇ ಡಿಸ್ಟ್ರಿಬ್ಯೂಟರನ್ನು ಬಿಗಿಯಿರಿ. ಸಂಡೂರಿನ ಏರಿನಲ್ಲಿ ಎಂಜಿನ್ ಟಣಟಣ ಎಂದರೆ ಟೈಮಿಂಗ್ ಮುಂದಾಗಿರಬಹುದು, ತುಸು ಹಿಂದೆ ಸರಿಸಿರಿ.