ಬಾಟಲಿ ಗೋಡೆಗೆ ಇಡೀ ಬಾಟಲಿ ಬೇಡ, ಎರಡು ತಳ ಸಾಕು

ಗೋಡೆಯಲ್ಲಿ ಹಳೇ ಗಾಜಿನ ಬಾಟಲಿ ಕೂರಿಸುವವರು ಇಡೀ ಬಾಟಲಿ ಇಡಬೇಡಿ. ಒಂದೇ ದಪ್ಪದ ಎರಡು ಬಾಟಲಿಗಳ ಕುತ್ತಿಗೆ ಕತ್ತರಿಸಿ. ತೊಳೆದು ಪೂರ್ತಿ ಒಣಗಿಸಿ, ತಳದ ಭಾಗಗಳನ್ನು ಬಾಯಿಗೆ ಬಾಯಿ ಕೂಡಿಸಿ, ಸುತ್ತ ಅಗಲದ ಟೇಪ್ ಬಿಗಿಯಾಗಿ ಸುತ್ತಿ. ಕೂಡಿಸಿದ ಜೋಡಿಯ ಉದ್ದ ಗೋಡೆಯ ದಪ್ಪಕ್ಕೆ ಸರಿಯಾಗಿರಲಿ. ಇಡೀ ಬಾಟಲಿಯಲ್ಲಿ ಬೆಳಕು ಸಣ್ಣ ಕುತ್ತಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಇಲ್ಲಿ ನೇರ ಒಳಗೆ ಬರುತ್ತದೆ. ಎರಡೂ ಕಡೆ ಬಣ್ಣದ ಗಾಜಾದರೆ ಮಂಕು, ಒಂದು ಕಡೆ ಬಣ್ಣವಿಲ್ಲದ ಗಾಜು ಹಾಕಿ. ಒಳಗೆ ತೇವ ಉಳಿದರೆ ಮಾತ್ರ ಕೆಲಸ ಕೆಟ್ಟಂತೆ: ಗಾಜಿನ ಮೇಲೆ ಮಂಜು ಕೂರುತ್ತದೆ, ಆಮೇಲೆ ಒರೆಸೋಕೆ ದಾರಿಯಿಲ್ಲ. ಮೇಲೆ ಮೆತ್ತಿದ ಗಾರೆಯನ್ನು ಹಸಿಯಿದ್ದಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಕತ್ತರಿಸುವಾಗ ನೀರು ಬಿಡುತ್ತಿರಿ, ಕನ್ನಡಕ, ಮಾಸ್ಕ್ ಬೇಕೇ ಬೇಕು.

ಭಾರ ಹೊರುವ ಗೋಡೆಗೆ ಇದು ಆಗಲ್ಲ. ಥಾಯ್ಲೆಂಡಿನ ಸಿಸಾಕೆಟ್‌ನಲ್ಲಿ ಲಕ್ಷಗಟ್ಟಲೆ ಬಿಯರ್ ಬಾಟಲಿಗಳ ಬೌದ್ಧ ದೇವಾಲಯ ಇದೆ ನಿಜ, ಆದರೆ ಅಲ್ಲೂ ಭಾರ ಹೊರುವುದು ಕಾಂಕ್ರೀಟು. ಹಾಗಂತ ಉಳಿದ ಕುತ್ತಿಗೆಗಳನ್ನು ಸುಮ್ನೆ ಒಡೆದು ಜಲ್ಲಿ ಬದಲು ಕಾಂಕ್ರೀಟಿಗೆ ಸುರಿಯಬೇಡಿ. ಸಿಮೆಂಟಿನ ಕ್ಷಾರ ಗಾಜಿನ ಸಿಲಿಕಾ ಜೊತೆ ಸೇರಿ ಜೆಲ್ ಆಗುತ್ತದೆ. ಅದು ನೀರು ಕುಡಿದು ಉಬ್ಬಿ, ವರ್ಷಗಳ ಮೇಲೆ ಬಿರುಕು ಬಿಡಿಸುತ್ತದೆ. ಹಿಟ್ಟಿನಷ್ಟು ನುಣ್ಣಗೆ ಅರೆದರೆ ಈ ಕಾಟ ಕಮ್ಮಿ, ಆದರೆ ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ.