ಬೇಸಿಗೆಯ ಕಲ್ಲಿದ್ದಲು: ಮೂರು ಸಚಿವಾಲಯಗಳ ಲೆಕ್ಕ ಒಂದು ಮಾಡುವ ಬಗೆ

ವಿದ್ಯುತ್ ಸಚಿವಾಲಯ ಮೆಗಾವ್ಯಾಟ್‌ನಲ್ಲಿ ಲೆಕ್ಕ ಹಾಕುತ್ತದೆ, ಕಲ್ಲಿದ್ದಲು ಸಚಿವಾಲಯ ಟನ್ನಿನಲ್ಲಿ, ರೈಲ್ವೆ ರೇಕ್‌ನಲ್ಲಿ, ಅಂದರೆ ಒಟ್ಟಾಗಿ ಓಡುವ ವ್ಯಾಗನ್‌ಗಳ ಒಂದು ಪೂರ್ತಿ ಗಾಡಿಯ ಲೆಕ್ಕದಲ್ಲಿ. ದೆಹಲಿಯಲ್ಲಿ ಈ ಮೂರೂ ಕಡೆಯ ಅಧಿಕಾರಿಗಳು ಸೇರುವ ಉಪಸಮಿತಿಗೆ ಟಿಪ್ಪಣಿ ಸಿದ್ಧಪಡಿಸುವವರು ಮೊದಲು ಎಲ್ಲವನ್ನೂ ‘ಯಾವ ಸ್ಥಾವರಕ್ಕೆ ದಿನಕ್ಕೆ ಎಷ್ಟು ರೇಕ್’ ಎಂಬ ಒಂದೇ ಲೆಕ್ಕಕ್ಕೆ ತರಬೇಕು. ಇದಾಗದೆ ಸಭೆ ಕರೆದರೆ ಪ್ರತಿಯೊಬ್ಬರೂ ತಮ್ಮ ಗುರಿ ಮುಟ್ಟಿದ್ದೇವೆ ಎಂದೇ ಹೇಳುತ್ತಾರೆ, ಸ್ಥಾವರದ ಅಂಗಳ ಮಾತ್ರ ಖಾಲಿ ಇರುತ್ತದೆ.

ರಾಯಚೂರಿನ ಉಷ್ಣ ವಿದ್ಯುತ್ ಕೇಂದ್ರವನ್ನೇ ತೆಗೆದುಕೊಳ್ಳಿ. ಸಾಮರ್ಥ್ಯ 1720 ಮೆಗಾವ್ಯಾಟ್. ಶೇ 85ರಷ್ಟು ಓಡಿಸಿದರೆ ದಿನಕ್ಕೆ ಸುಮಾರು 3.5 ಕೋಟಿ ಯೂನಿಟ್. ಯೂನಿಟ್‌ಗೆ 0.7 ಕೆ.ಜಿ. ಕಲ್ಲಿದ್ದಲು ಹಿಡಿದರೆ 24,500 ಟನ್. ಒಂದು ರೇಕ್‌ಗೆ ಹೆಚ್ಚುಕಡಿಮೆ 4,000 ಟನ್ ಎಂದರೆ ದಿನಕ್ಕೆ ಆರು ರೇಕ್. ಕಲ್ಲಿದ್ದಲಿನ ಶಾಖಮೌಲ್ಯ ಕೆ.ಜಿ.ಗೆ 4,000 ಕಿಲೋಕ್ಯಾಲೊರಿಯಿಂದ 3,500ಕ್ಕೆ ಇಳಿದರೆ ಅದೇ ವಿದ್ಯುತ್ತಿಗೆ ಏಳು ಬೇಕು. ಹಾಗಾಗಿ ಟನ್ನಿನ ಪಕ್ಕದಲ್ಲಿ ಗುಣಮಟ್ಟದ ಅಂಕಣ ಇರಲೇಬೇಕು.

ಮುಂದಿನದು ದಾಸ್ತಾನು. ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ, ಗಣಿಯ ಬಾಯಲ್ಲೇ ಇರುವ ಸ್ಥಾವರಗಳು ತಿಂಗಳಿಗೆ ತಕ್ಕಂತೆ 12ರಿಂದ 17 ದಿನಕ್ಕಾಗುವಷ್ಟು, ದೂರದವು 20ರಿಂದ 26 ದಿನಕ್ಕಾಗುವಷ್ಟು ಇಟ್ಟುಕೊಳ್ಳಬೇಕು. ರಾಯಚೂರಿಗೆ 26 ದಿನವೆಂದರೆ 6.4 ಲಕ್ಷ ಟನ್. ಮಾನದಂಡದ ಶೇ 25ಕ್ಕಿಂತ ಕಡಿಮೆಯಾದರೆ ಸ್ಥಿತಿ ಗಂಭೀರ. ಪ್ರಾಧಿಕಾರದ ದೈನಿಕ ವರದಿಯಲ್ಲಿ ಅಂದಿನ ಅಂಕಿಗಿಂತ ಹಿಂದಿನ ಹತ್ತು ದಿನಗಳ ಇಳಿಕೆಯನ್ನು ನೋಡಿ. ದಿನಕ್ಕೆ ಒಂದು ರೇಕ್ ಕಡಿಮೆ ಬಂದರೂ ತಿಂಗಳಿಗೆ 1.2 ಲಕ್ಷ ಟನ್ ಕರಗುತ್ತದೆ.

ಹೆಚ್ಚು ಎಡವುವುದು ರೇಕ್ ಸುತ್ತಿನ ವಿಷಯದಲ್ಲಿ. ತುಂಬಿ, ಹೋಗಿ, ಇಳಿಸಿ, ಮರಳಿ ಗಣಿಗೆ ಬರಲು ನಾಲ್ಕು ದಿನವಾದರೆ ದಿನಕ್ಕೆ ಆರು ರೇಕ್ ಇಳಿಸಲು 24 ರೇಕ್ ಓಡಾಟದಲ್ಲಿರಬೇಕು; ಐದು ದಿನವಾದರೆ 30. ಮಳೆಗಾಲದಲ್ಲಿ ಒದ್ದೆ ಕಲ್ಲಿದ್ದಲು ವ್ಯಾಗನ್‌ಗೆ ಅಂಟಿಕೊಳ್ಳುತ್ತದೆ, ವ್ಯಾಗನ್ ಮಗುಚುವ ಯಂತ್ರವಾದ ಟಿಪ್ಲರ್ ಮಗುಚಿದರೂ ಪೂರ್ತಿ ಬೀಳುವುದಿಲ್ಲ, ಹಿಂದಿನ ರೇಕ್‌ಗಳು ಸಾಲುಗಟ್ಟುತ್ತವೆ. ಹೀಗಿರುವಾಗ ‘ಇನ್ನಷ್ಟು ರೇಕ್ ಕೊಡಿ’ ಎಂದು ರೈಲ್ವೆಯನ್ನು ಕೇಳಿ ಪ್ರಯೋಜನವಿಲ್ಲ. ಇಳಿಸುವ ಜಾಗ ಸರಿಪಡಿಸುವಂತೆ ಸ್ಥಾವರಕ್ಕೇ ಬರೆಯಿರಿ. 2022ರ ಬೇಸಿಗೆಯಲ್ಲಿ ಕಲ್ಲಿದ್ದಲು ಗಾಡಿಗಳಿಗೆ ದಾರಿ ಬಿಡಲು ಪ್ರಯಾಣಿಕರ ರೈಲುಗಳನ್ನೇ ರದ್ದು ಮಾಡಬೇಕಾಯಿತು. ಆ ಹಂತಕ್ಕೆ ಹೋಗುವ ಮೊದಲು ಚಳಿಗಾಲದಲ್ಲೇ ದಾಸ್ತಾನು ಕಟ್ಟಬೇಕು.

ಬಾಕಿಯನ್ನೂ ವಿಚಾರಿಸಿ. ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಉತ್ಪಾದಕರಿಗೆ ಹಣ ಕೊಡದಿದ್ದರೆ ಉತ್ಪಾದಕರು ಗಣಿ ಕಂಪನಿಗೆ ಕೊಡಲಾರರು. ವಿದ್ಯುತ್ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡಕ್ಕೂ ಅಧಿಕಾರವಿರುವ ವಿಷಯಗಳ ಪಟ್ಟಿಯಲ್ಲಿರುವುದರಿಂದ ಇಲ್ಲಿ ರಾಜ್ಯದ ಇಂಧನ ಇಲಾಖೆಯನ್ನು ಬಿಟ್ಟು ಕೇಂದ್ರವೊಂದೇ ಏನೂ ಮಾಡಲಾಗದು.

ಉಪಸಮಿತಿಯಲ್ಲಿ ಬಗೆಹರಿಯದ್ದು ಕಾರ್ಯದರ್ಶಿಗಳ ಮಟ್ಟಕ್ಕೆ, ಅಲ್ಲಿಂದ ಸಚಿವರಿಗೆ ಹೋಗುತ್ತದೆ. ಕೊನೆಯ ಅಸ್ತ್ರ 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 11. 2022ರ ಮೇ ತಿಂಗಳಲ್ಲಿ ಇದರಡಿ ಆಮದು ಕಲ್ಲಿದ್ದಲಿನ ಸ್ಥಾವರಗಳಿಗೆ ಪೂರ್ಣ ಸಾಮರ್ಥ್ಯದಲ್ಲಿ ಓಡಲು ಆದೇಶವಾಯಿತು. ಇಂಥ ಆದೇಶದ ಕರಡು ಬರೆಯುವಾಗ ದರ ನಿಗದಿ ಯಾರು, ಹೇಗೆ ಮಾಡುತ್ತಾರೆ ಎಂಬುದನ್ನು ಅದರಲ್ಲೇ ಸೇರಿಸಿ. ದರ ಗೊತ್ತಿಲ್ಲದೆ ಯಾವ ಸ್ಥಾವರವೂ ಹಡಗಿನ ಕಲ್ಲಿದ್ದಲಿಗೆ ಹಣ ಕಟ್ಟುವುದಿಲ್ಲ.